ನಿಲ್ಲುವಾಗ ನಡುಗುವ ಗಾಡಿ

“ಡಿಸ್ಕು ಬೆಂಡಾಗಿದೆ ಸಾರ್, ಬದಲಾಯಿಸಿಬಿಡೋಣ.”

ಕಾರು ಸಾಕಿಕೊಂಡಿರುವ ಗೃಹಸ್ಥರಲ್ಲಿ ಈ ವಾಕ್ಯವನ್ನು ಒಮ್ಮೆಯಾದರೂ ಕೇಳದವರು ವಿರಳ. ಗಾಡಿ ಎಂಬತ್ತರ ವೇಗದಲ್ಲಿ ಸೌಮ್ಯವಾಗಿ ಹೋಗುತ್ತಿರುತ್ತದೆ. ಮುಂದೆ ಯಾವುದೋ ಲಾರಿ ಅಡ್ಡ ಬಂತೆಂದು ಬ್ರೇಕಿನ ಮೇಲೆ ಕಾಲಿಟ್ಟ ಕೂಡಲೇ ಸ್ಟೀರಿಂಗು ಚಳಿಜ್ವರ ಬಂದವನ ಕೈಯಂತೆ ನಡುಗತೊಡಗುತ್ತದೆ. ವೇಗ ನಲವತ್ತಕ್ಕೆ ಇಳಿಯುವ ಹೊತ್ತಿಗೆ ನಡುಕ ತಾನಾಗಿಯೇ ಮಾಯ. ಗ್ಯಾರೇಜಿಗೆ ಒಯ್ದರೆ ತೀರ್ಪು ಮೊದಲೇ ಬರೆದಿಟ್ಟಂತೆ ಸಿದ್ಧವಾಗಿರುತ್ತದೆ. ಸಾವಿರಾರು ರೂಪಾಯಿ ತೆತ್ತು ಹೊಸ ಡಿಸ್ಕು ಹಾಕಿಸಿದರೆ ಐದಾರು ತಿಂಗಳು ಸುಖ. ಆಮೇಲೆ ಮತ್ತೆ ಅದೇ ನಡುಕ, ಅದೇ ತೀರ್ಪು.

ಡಿಸ್ಕು ಎಂದರೆ ಎರಕದ ಕಬ್ಬಿಣದ ದಪ್ಪ ತಟ್ಟೆ. ಎರಕದ ಕಬ್ಬಿಣ ಬಗ್ಗುವುದಕ್ಕಿಂತ ಒಡೆಯುವುದಕ್ಕೇ ಹೆಚ್ಚು ಸಿದ್ಧವಾದ ಜಾತಿ ಎಂಬುದು ಒಲೆಯ ಮೇಲಿನ ಕಾವಲಿಯನ್ನು ಕೈತಪ್ಪಿ ಬೀಳಿಸಿದವರಿಗೆಲ್ಲ ಗೊತ್ತು. ಹಾಗಿರುವಾಗ ಊರಿನ ಅರ್ಧ ಕಾರುಗಳಲ್ಲಿ ಅದು ಬೆಂಡಾಗುವುದು ಹೇಗೆ? ಈ ಪ್ರಶ್ನೆಯನ್ನು ಹಿಡಿದು ಹಿಂದಕ್ಕೆ ಹೋದರೆ ನೂರು ವರ್ಷಕ್ಕೂ ಮಿಕ್ಕಿದ ಒಂದು ಚರಿತ್ರೆ ಬಿಚ್ಚಿಕೊಳ್ಳುತ್ತದೆ. ಅದರ ಒಂದು ತುದಿ ಇಂಗ್ಲೆಂಡಿನಲ್ಲಿ, ಇನ್ನೊಂದು ತುದಿ ನಮ್ಮ ಮಲ್ಲೇಶ್ವರಂನ ಹಿತ್ತಲ ಗಲ್ಲಿಯಲ್ಲಿ.

ಮೋಟಾರು ಹುಟ್ಟಿದಾಗ ಅದನ್ನು ಓಡಿಸುವ ಚಿಂತೆಯೇ ದೊಡ್ಡದಾಗಿತ್ತು. ನಿಲ್ಲಿಸುವ ಉಪಾಯವನ್ನು ಕುದುರೆಗಾಡಿಯಿಂದ ಎರವಲು ತಂದರು. ಚಕ್ರದ ಪಟ್ಟಿಗೆ ಒಂದು ಮರದ ತುಂಡನ್ನು ಒತ್ತುವುದು, ಅಷ್ಟೆ. ಇಂಗ್ಲೆಂಡಿನ ಡರ್ಬಿಶೈರಿನ ಗುಡ್ಡಗಳಲ್ಲಿ ಗಾಡಿ ಹೊಡೆಯುವವರು ಇಳಿಜಾರಿನಲ್ಲಿ ಈ ಮರದ ತುಂಡಿಗೆ ಹಳೆಯ ಬೂಟಿನ ಚರ್ಮವನ್ನು ಕಟ್ಟುತ್ತಿದ್ದರಂತೆ. ಅದನ್ನು ನೋಡಿಯೇ ಹರ್ಬರ್ಟ್ ಫ್ರೂಡ್ ಎಂಬಾತನಿಗೆ ಬ್ರೇಕಿನ ಲೈನಿಂಗು ಮಾಡಿ ಮಾರುವ ಯೋಚನೆ ಹುಟ್ಟಿತೆಂದು ಹೇಳುತ್ತಾರೆ. 1897ರಲ್ಲಿ ಆತ ಆರಂಭಿಸಿದ ವ್ಯವಹಾರವೇ ಮುಂದೆ ಫೆರೋಡೋ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಹಳೆಯ ಬೂಟಿನಿಂದಲೂ ಒಂದು ಉದ್ಯಮ ಹುಟ್ಟಬಹುದು, ನೋಡುವ ಕಣ್ಣಿರಬೇಕು.

1902 ಬ್ರೇಕಿನ ಚರಿತ್ರೆಯಲ್ಲಿ ಒಂದು ವಿಚಿತ್ರವಾದ ವರ್ಷ. ಆ ವರ್ಷವೇ ಫ್ರಾನ್ಸಿನ ಲೂಯಿ ರೆನೋ ಡ್ರಮ್ಮಿನ ಬ್ರೇಕನ್ನು ರೂಪಿಸಿದ. ಆ ವರ್ಷವೇ ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕಿನ ಬ್ರೇಕಿಗೆ ಪೇಟೆಂಟು ಪಡೆದ. ಡ್ರಮ್ಮೆಂದರೆ ಚಕ್ರದೊಡನೆ ತಿರುಗುವ ಬೋಗುಣಿ. ಅದರ ಒಳಗೋಡೆಗೆ ಎರಡು ಶೂಗಳು ಹೊರಮುಖವಾಗಿ ಒತ್ತಿ ಹಿಡಿಯುತ್ತವೆ. ಡಿಸ್ಕೆಂದರೆ ತಿರುಗುವ ತಟ್ಟೆ. ಅದನ್ನು ಎರಡು ಕಡೆಯಿಂದಲೂ ಪ್ಯಾಡುಗಳು, ನಾವು ಎರಡು ಬೆರಳಿನಿಂದ ಹಪ್ಪಳ ಹಿಡಿಯುವ ಹಾಗೆ, ಹಿಡಿಯುತ್ತವೆ. ಲ್ಯಾಂಚೆಸ್ಟರನ ಉಪಾಯವೇ ಮೇಲಾದದ್ದು. ಆದರೆ ಆತ ತಾಮ್ರದ ಪ್ಯಾಡುಗಳನ್ನು ಬಳಸಿದ್ದರಿಂದ ಬ್ರೇಕು ಹಿಡಿದಾಗ ಕಿವಿ ಹರಿಯುವ ಕಿರುಚಾಟ. 1907ರಲ್ಲಿ ಅದೇ ಫ್ರೂಡ್ ಕಲ್ನಾರಿನ, ಎಂದರೆ ಆಸ್‌ಬೆಸ್ಟಾಸಿನ, ಹೊದಿಕೆ ಕೊಟ್ಟು ಆ ಕಿರುಚಾಟವನ್ನು ಅಡಗಿಸಿದ. ಆದರೂ ಆ ಕಾಲದ ಧೂಳಿನ ರಸ್ತೆಗಳಿಗೆ ಮುಚ್ಚಿದ ಡ್ರಮ್ಮೇ ಒಗ್ಗಿತು. ಡಿಸ್ಕು ಅರ್ಧ ಶತಮಾನ ಮೂಲೆ ಸೇರಿತು.

ಇಲ್ಲಿ ಒಂದು ಭೇದವನ್ನು ಹೇಳಿಬಿಡಬೇಕು. ಬ್ರೇಕು ಕಿರುಚುವುದು ಬೇರೆ, ನಡುಗುವುದು ಬೇರೆ. ಕಿರುಚುವುದು ಪಿಟೀಲಿನ ಸಂಬಂಧಿ. ಕಮಾನು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಹಿಡಿತ-ಜಾರಾಟದ ಗಣಿತವನ್ನು 1918ರಲ್ಲಿಯೇ ವಿಸ್ತಾರವಾಗಿ ಬರೆದವರು ಸಿ. ವಿ. ರಾಮನ್. ಆಗ ಅವರು ಕಲ್ಕತ್ತೆಯಲ್ಲಿದ್ದರು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಅವರ ‘ಪಂಚವಟಿ’ ಇರುವುದು ನಮ್ಮ ಮಲ್ಲೇಶ್ವರಂನಲ್ಲೇ. ಬ್ರೇಕಿನ ಕಿರುಚಾಟದಲ್ಲಿ ಪ್ಯಾಡು ಕಮಾನು, ಡಿಸ್ಕು ತಂತಿ. ಸೆಕೆಂಡಿಗೆ ಸಾವಿರಾರು ಕಂಪನ. ಕೇಳುವುದಕ್ಕೆ ಹಿಂಸೆ, ಆದರೆ ಅಪಾಯ ಕಡಿಮೆ. ನಡುಕದ ಗತಿ ಇಷ್ಟು ಚುರುಕಲ್ಲ. ಸೆಕೆಂಡಿಗೆ ಹತ್ತೋ ಹನ್ನೆರಡೋ ಪೆಟ್ಟು, ಎಂದರೆ ಕಿವಿಗೆ ಕೇಳುವ ಸ್ವರವಲ್ಲ, ಕೈಗೆ ತಾಗುವ ತಾಳ. ಈ ತಾಳ ಎಲ್ಲಿಂದ ಬರುತ್ತದೆಂಬುದೇ ನಮ್ಮ ವಿಷಯ.

ಮೊದಮೊದಲು ಕಾರುಗಳಿಗೆ ಬ್ರೇಕು ಇದ್ದದ್ದು ಹಿಂದಿನ ಚಕ್ರಗಳಿಗೆ ಮಾತ್ರ. ಮುಂದಿನ ಚಕ್ರಕ್ಕೆ ಬ್ರೇಕು ಹಾಕಿದರೆ ಗಾಡಿ ಮುಗ್ಗರಿಸುತ್ತದೆಂದು ಭಯಪಟ್ಟವರಿದ್ದರು. ನಿಜವಾಗಿ ನೋಡಿದರೆ, ನಿಲ್ಲುವ ಗಾಡಿಯ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರವೇ ಹೆಚ್ಚು ಕೆಲಸ ಮಾಡಬಲ್ಲದು. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಗಳಿಗೆ, ಅದೂ ಎಣ್ಣೆಯ ಒತ್ತಡದಿಂದ ನಡೆಯುವ, ಬ್ರೇಕುಗಳನ್ನು ತಂದಿತು. ಆ ಎಣ್ಣೆಯ ವ್ಯವಸ್ಥೆ ಮ್ಯಾಲ್ಕಂ ಲಾಕ್‌ಹೀಡನದು. ಸಲಾಕೆ, ತಂತಿಗಳ ಬದಲು ಕೊಳವೆಯಲ್ಲಿ ತುಂಬಿದ ದ್ರವ. ಕಾಲಿನಲ್ಲಿ ಒತ್ತಿದ್ದು ನಾಲ್ಕೂ ಚಕ್ರಕ್ಕೆ ಸಮನಾಗಿ ಮುಟ್ಟುತ್ತದೆ. ಇದರಿಂದ ಇನ್ನೊಂದು ಉಪಕಾರವೂ ಆಯಿತು. ಚಕ್ರದ ಬಳಿ ನಡೆಯುವ ಏರುಪೇರು ಅದೇ ದ್ರವದ ಮೂಲಕ ಹಿಂದಿರುಗಿ ಬಂದು ಅಂಗಾಲನ್ನು ಮುಟ್ಟತೊಡಗಿತು. ನಾಡಿ ಹಿಡಿಯುವ ವೈದ್ಯನಿಗೆ ಮಣಿಕಟ್ಟು ಹೇಗೋ ಮೆಕ್ಯಾನಿಕ್ಕನಿಗೆ ಪೆಡಲು ಹಾಗೆ.

ಮುಂದಿನ ಚಕ್ರಕ್ಕೆ ಬ್ರೇಕು ಬಂದದ್ದರ ಜೊತೆಗೇ ನಡುಕವೂ ಮುಂದಕ್ಕೆ ಬಂದಿತು. 1920ರ ದಶಕದಲ್ಲಿ ಉಬ್ಬಿದ ಮೆತ್ತನೆಯ ಟೈರು, ಮುಂದಿನ ಬ್ರೇಕು ಇವೆರಡೂ ಕೂಡಿದಾಗ ಒಂದೇ ದಿಂಡಿಗೆ ಕಟ್ಟಿದ ಮುಂಚಕ್ರಗಳು ಕುಣಿಯತೊಡಗಿದವು. ಕೈಯಲ್ಲಿ ಸ್ಟೀರಿಂಗು ನಿಲ್ಲುತ್ತಿರಲಿಲ್ಲ. ಯೂರೋಪು, ಅಮೆರಿಕಗಳ ಎಂಜಿನಿಯರರು ಹತ್ತು ವರ್ಷ ಈ ಕುಣಿತದ ಹಿಂದೆ ಬಿದ್ದರು. ಕಡೆಗೆ ಮಾರಿಸ್ ಓಲಿ ಎಂಬ ಇಂಗ್ಲಿಷ್ ಎಂಜಿನಿಯರ್ ಕ್ಯಾಡಿಲ್ಯಾಕ್ ಕಂಪೆನಿಯಲ್ಲಿ ಮಾಡಿದ ಪ್ರಯೋಗಗಳ ಫಲವಾಗಿ 1934ರ ಕಾರುಗಳಲ್ಲಿ ಎಡ-ಬಲ ಮುಂಚಕ್ರಗಳಿಗೆ ಬೇರೆ ಬೇರೆ ಸ್ಪ್ರಿಂಗು ದೊರೆಯಿತು. ನಾವು ಇಂದು ಮೆತ್ತಗೆ ಸವಾರಿ ಮಾಡುತ್ತಿರುವುದರ ಹಿಂದೆ, ಹೀಗೆ, ಒಂದು ನಡುಕದ ಪ್ರಸಾದ ಉಂಟು. ಓಲಿಯ ಕಾಲದವರು ಕಂಡುಕೊಂಡದ್ದರಲ್ಲಿ ನಮಗೆ ಬೇಕಾದದ್ದು ಇಷ್ಟು: ನಡುಕಕ್ಕೆ ಯಾವಾಗಲೂ ಎರಡು ಕಾರಣ, ಒಂದು ತಳ್ಳುವ ಕೈ, ಇನ್ನೊಂದು ತೂಗುವ ಉಯ್ಯಾಲೆ. ಉಯ್ಯಾಲೆಯ ಲಯಕ್ಕೆ ಸರಿಯಾಗಿ ತಳ್ಳಿದರೆ ಮಗುವಿನ ಕೈಯೂ ಅದನ್ನು ಆಕಾಶಕ್ಕೆ ಏರಿಸುತ್ತದೆ.

ಡಿಸ್ಕು ಮೂಲೆಯಿಂದ ಎದ್ದು ಬಂದದ್ದು ಎರಡನೆಯ ಮಹಾಯುದ್ಧದ ಮೇಲೆ. 1953ರಲ್ಲಿ ಫ್ರಾನ್ಸಿನ ಲ ಮಾನ್‌ನ ಇಪ್ಪತ್ತನಾಲ್ಕು ಗಂಟೆಯ ಪಂದ್ಯವನ್ನು ಜಾಗ್ವಾರ್ ಕಾರು ಡನ್‌ಲಪ್ ಡಿಸ್ಕು ಬ್ರೇಕುಗಳ ಬಲದಿಂದ ಗೆದ್ದಿತು. ಡ್ರಮ್ಮಿನವರು ಬ್ರೇಕು ಕಾದು ಹಿಡಿತ ತಪ್ಪೀತೆಂದು ತಿರುವಿಗೆ ಬಹಳ ಮುಂಚೆಯೇ ಕಾಲಿಡುತ್ತಿದ್ದರೆ ಇವರು ಹತ್ತಿರದವರೆಗೂ ನುಗ್ಗುತ್ತಿದ್ದರು. 1955ರಲ್ಲಿ ಸಿಟ್ರೊಯೆನ್ ಡಿ.ಎಸ್. ಕಾರು ಡಿಸ್ಕನ್ನು ಪೇಟೆಯ ಗಿರಾಕಿಗೂ ತಂದಿತು.

ನಮ್ಮಲ್ಲಿಗೆ ಮಾತ್ರ ಅದು ಬರಲಿಲ್ಲ. 1957ರಿಂದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಡರು, ಬೊಂಬಾಯಿಯ ಫಿಯಟ್ಟು, ಇವು ದಶಕಗಳ ಕಾಲ ಡ್ರಮ್ಮಿನ ಮೇಲೆಯೇ ನಡೆದವು. ಈ ಕಾರುಗಳ ಪಕ್ಕದಲ್ಲಿ ಬೆಂಗಳೂರಿನ ಹೆಸರು ಬರಬಹುದಾಗಿತ್ತೆಂಬುದನ್ನು ಈಗ ಬಹಳ ಜನ ಮರೆತಿದ್ದಾರೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯೂರೋಪು, ಅಮೆರಿಕಗಳನ್ನು ಸುತ್ತಿ ಬಂದು ಭಾರತದಲ್ಲಿ ಮೋಟಾರು ಕಾರ್ಖಾನೆಯೊಂದರ ಯೋಜನೆಯನ್ನು ಸಿದ್ಧಪಡಿಸಿದರು. ವಾಲ್‌ಚಂದ್ ಹೀರಾಚಂದ್ ಹಣ ಹೂಡಲು ಮುಂದೆ ಬಂದರು. ಮೈಸೂರು ಸರ್ಕಾರವೂ ಒಲವು ತೋರಿತು. ಅಂದಿನ ಭಾರತ ಸರ್ಕಾರದ ಕೃಪೆ ಬೀಳಲಿಲ್ಲ. 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದರು ಮೈಸೂರು ಸರ್ಕಾರದೊಡನೆ ಸೇರಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದು ವಿಮಾನದ ಕಾರ್ಖಾನೆಯನ್ನು. ಅವರ ಮೋಟಾರು ಕಾರ್ಖಾನೆ 1944ರಲ್ಲಿ ಬೊಂಬಾಯಿಯ ಪಾಲಾಯಿತು. ನಮಗೆ ಕಾರು ತಪ್ಪಿ ವಿಮಾನ ಸಿಕ್ಕಿತು. ವಿನಿಮಯ ನಷ್ಟದ್ದೆಂದು ನಾನು ಹೇಳಲಾರೆ.

ಯಾಕೆಂದರೆ, ಆ ವಿಮಾನದ ಕಾರ್ಖಾನೆಯಿಂದ ಆರಂಭವಾಗಿ 1948ರಲ್ಲಿ ಐ.ಟಿ.ಐ., 1951ರಲ್ಲಿ ಮೈಕೋ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹೀಗೆ ಒಂದಾದ ಮೇಲೊಂದು ಬಂದ ಕಾರ್ಖಾನೆಗಳು ಈ ಊರಿನ ಹುಡುಗರಿಗೆ ಅಳೆಯುವುದನ್ನು ಕಲಿಸಿದವು. ಎಚ್.ಎಂ.ಟಿ.ಯವರು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪೆನಿಯ ಸಹಾಯದಿಂದ ಜಾಲಹಳ್ಳಿಯಲ್ಲಿ ಲೇತುಗಳನ್ನೇ ತಯಾರಿಸಿದರು. ಅತ್ತ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತುಗಳು. ಗೇಣು, ಮೊಳ, ಹೆಚ್ಚೆಂದರೆ ಇಂಚಿನ ಕಾಲುಭಾಗ ಬಲ್ಲ ಊರಿನಲ್ಲಿ “ಎರಡು ಥೌ ಜಾಸ್ತಿ ಇದೆ” ಎಂಬ ಮಾತು ಹುಟ್ಟಿತು. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ. ತಲೆಗೂದಲಿನ ದಪ್ಪ ಸುಮಾರು ಮೂರು ಥೌ. ಬೆಳಗಿನ ಜಾವ ಕಾರ್ಖಾನೆಯ ಬಸ್ಸಿಗಾಗಿ ಊಟದ ಡಬ್ಬಿ ಹಿಡಿದು ನಿಲ್ಲುತ್ತಿದ್ದ ಫಿಟ್ಟರು, ಟರ್ನರುಗಳು ನಿವೃತ್ತರಾದ ಮೇಲೆ ಅವರಲ್ಲಿ ಕೆಲವರು ರಾಜಾಜಿನಗರ, ಮಲ್ಲೇಶ್ವರಂ, ಯಶವಂತಪುರಗಳ ಶೆಡ್ಡುಗಳಲ್ಲಿ ಒಂದು ಲೇತು ಹಾಕಿಕೊಂಡು ಕುಳಿತರು. ಊರಿನ ಗ್ಯಾರೇಜುಗಳಿಗೆ ಇವರೇ ಉಚ್ಚ ನ್ಯಾಯಾಲಯ.

ಡ್ರಮ್ಮಿನ ಕಾಲದಲ್ಲಿಯೂ ಗಾಡಿ ನಡುಗುತ್ತಿತ್ತು. ಘಾಟಿ ಇಳಿದು ಬೆಂಕಿಯಂತೆ ಕಾದ ಡ್ರಮ್ಮಿನ ಮೇಲೆ ಹ್ಯಾಂಡ್‌ಬ್ರೇಕು ಎಳೆದು ನಿಲ್ಲಿಸಿದರೆ, ಅಥವಾ ಚಕ್ರದ ನಟ್ಟುಗಳನ್ನು ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಸಡಿಲವಾಗಿ ತಿರುಗಿಸಿದರೆ, ಗುಂಡಗಿನ ಬೋಗುಣಿ ಕೊಂಚ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. “ಡ್ರಮ್ ಓವಲ್ ಆಗಿದೆ” ಎನ್ನುತ್ತಿದ್ದರು. ಅದು ನಿಜವಾದ ರೋಗ, ನಿಜವಾದ ಹೆಸರು. ಡ್ರಮ್ಮನ್ನು ಬಿಚ್ಚಿ ಲೇತಿಗೆ ಕಟ್ಟಿ, ಎಷ್ಟು ಥೌ ಓವಲ್ ಎಂದು ಮುಳ್ಳಿನಲ್ಲಿ ನೋಡಿ, ಅಷ್ಟನ್ನೇ ಕೆತ್ತಿ ಹಾಕುತ್ತಿದ್ದರು. ಹೊಸ ಸಾಮಾನು ಸಿಗುವುದು ದುರ್ಲಭವಾಗಿದ್ದ ಕಾಲ. ಅಳೆಯದೆ ಎಸೆಯುವ ಐಶ್ವರ್ಯ ಯಾರಿಗೂ ಇರಲಿಲ್ಲ. ಆ ಕಾಲವನ್ನು ಹೊಗಳಿ ಅಟ್ಟಕ್ಕೇರಿಸುವ ಇಚ್ಛೆ ನನಗಿಲ್ಲ. ಡ್ರಮ್ಮಿನೊಳಗಿನ ಕಪ್ಪು ಧೂಳನ್ನು ಹುಡುಗರು ಬಾಯಿಂದಲೇ ಊದುತ್ತಿದ್ದರು. ಅದರಲ್ಲಿದ್ದದ್ದು ಫ್ರೂಡನ ಕಾಲದಿಂದ ಬಂದ ಅದೇ ಕಲ್ನಾರು. ಅದರ ನಾರು ಶ್ವಾಸಕೋಶಕ್ಕೆ ಇಳಿದರೆ ಹತ್ತಾರು ವರ್ಷದ ಮೇಲೂ ಕ್ಯಾನ್ಸರಾಗಿ ಏಳಬಲ್ಲದೆಂದು ಆ ಶೆಡ್ಡುಗಳಲ್ಲಿ ಯಾರೂ ಅವರಿಗೆ ಹೇಳಲಿಲ್ಲ.

1980ರ ದಶಕದಿಂದ ಈಚೆಗೆ ಹೊಸ ಚಿಕ್ಕ ಕಾರುಗಳು ಬಂದು, ಮುಂದಿನ ಚಕ್ರಗಳಿಗೆ ಡಿಸ್ಕು ಸಾಮಾನ್ಯವಾಯಿತು. ಸಾಮಾನು ಧಾರಾಳವಾಯಿತು. ಜೆ.ಸಿ. ರಸ್ತೆಗೆ ಹೋಗಿ ಕೇಳಿದರೆ ಯಾವ ಕಾರಿನ ಡಿಸ್ಕಾದರೂ ಡಬ್ಬದಲ್ಲಿ ಬರುತ್ತದೆ. ಅಳೆಯುವ ಕೆಲಸಕ್ಕಿಂತ ಬದಲಾಯಿಸುವ ಕೆಲಸ ಬೇಗ ಮುಗಿಯುತ್ತದೆ, ಲಾಭವೂ ಹೆಚ್ಚು. ಡ್ರಮ್ಮಿನ ‘ಓವಲ್’ ಹೋಗಿ ಡಿಸ್ಕಿನ ‘ಬೆಂಡ್’ ಬಂತು. ಹಳೆಯ ಹೆಸರಿನ ಹಿಂದೆ ಒಂದು ಅಳತೆ ಇತ್ತು. ಹೊಸ ಹೆಸರಿನ ಹಿಂದೆ ಇರುವುದು ಒಂದು ಬಿಲ್ಲು.

ಇನ್ನು ನನ್ನ ಕಾರಿನ ವಿಷಯ. ಹನ್ನೆರಡು ವರ್ಷದ ಪ್ರಾಯದ ಚಿಕ್ಕ ಗಾಡಿ. ಎರಡು ವರ್ಷದಲ್ಲಿ ಅದಕ್ಕೆ ಎರಡು ಸಲ ಡಿಸ್ಕು ಬದಲಾಗಿತ್ತು, ಎರಡು ಬೇರೆ ಬೇರೆ ಕಡೆ. ಎರಡನೆಯ ಸಲ ಚಕ್ರದ ಬ್ಯಾಲೆನ್ಸಿಂಗು, ಅಲೈನ್‌ಮೆಂಟುಗಳೂ ದಕ್ಷಿಣೆಯ ಮೇಲೆ ತಾಂಬೂಲದಂತೆ ಸೇರಿದ್ದವು. ಮೂರನೆಯ ಸಲ ನಡುಕ ಬಂದದ್ದು ನಂದಿಬೆಟ್ಟ ಇಳಿಯುವಾಗ. ಮೊಮ್ಮಗಳು ಹಿಂದೆ ಕುಳಿತಿದ್ದಳು. 1,478 ಮೀಟರ್ ಎತ್ತರದ ಆ ಬೆಟ್ಟದ ತಿರುವುಗಳಲ್ಲಿ ಕೈಯಲ್ಲಿರುವ ಚಕ್ರ ಅದುರುವುದು ಯಾವ ಮುದುಕನಿಗೂ ಹಿತವಲ್ಲ. ಒಂದು ಟನ್ನಿನ ಗಾಡಿ ಐನೂರು ಮೀಟರ್ ಕೆಳಗಿಳಿಯುವಾಗ ಅದರ ಬೀಳುವ ಶಕ್ತಿಯನ್ನೆಲ್ಲ ಬ್ರೇಕೇ ನುಂಗಿದರೆ, ಆ ಕಾವಿನಲ್ಲಿ ಹದಿನೈದು ಲೀಟರ್ ತಣ್ಣೀರನ್ನು ಕುದಿಸಬಹುದು. ಒಂದು ಅಭ್ಯಂಜನಕ್ಕೆ ಸಾಲುವಷ್ಟು ಬಿಸಿ ಆ ನಾಲ್ಕು ಚಕ್ರಗಳಲ್ಲಿ. ಗೇರನ್ನು ಎರಡಕ್ಕೆ ಇಳಿಸಿ ಎಂಜಿನ್ನಿನ ಬಿಗುವಿನ ಮೇಲೆ ಮೆಲ್ಲಗೆ ಇಳಿದು ಬಂದೆ.

ಆ ಸೋಮವಾರ ನಾನು ಹೋದದ್ದು ನಮ್ಮ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯ ಶೆಡ್ಡಿಗೆ. 1898ರ ಪ್ಲೇಗಿನ ಕಾಲದಲ್ಲಿ ಗಾಳಿ, ಬೆಳಕು, ಶುಚಿಗಳಿಗೆಂದು ಬೆಳೆಸಿದ ಬಡಾವಣೆ ಇದು. ಮನೆಗಳ ಬೆನ್ನಿಗೆ ಬಿಟ್ಟ ಗಲ್ಲಿಗಳು ಮುಂದೆ ಇಂಥ ಕಸುಬುಗಳಿಗೆ ನೆರಳಾದವು. ಶೆಡ್ಡಿನ ಯಜಮಾನರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಟರ್ನರಾಗಿದ್ದವರು. ನಾನು ಕಥೆ ಹೇಳತೊಡಗಿದರೆ ಅರ್ಧಕ್ಕೇ ತಡೆದರು.

“ಅದಿರಲಿ ಸ್ವಾಮಿ. ನಡುಕ ಗೊತ್ತಾಗೋದು ಎಲ್ಲಿ? ಕೈಗೋ, ಕಾಲಿಗೋ, ಕೂತ ಜಾಗಕ್ಕೋ?”

“ಕೈಗೆ ಜಾಸ್ತಿ, ಯಜಮಾನ್ರೇ. ಕಾಲಿಗೂ ಸ್ವಲ್ಪ.”

“ಬ್ರೇಕ್ ಹಿಡೀದೆ ಇದ್ದಾಗ?”

“ಏನೂ ಇಲ್ಲ.”

“ಹಾಗಾದ್ರೆ ಬ್ಯಾಲೆನ್ಸಿಂಗ್‌ಗೆ ಯಾಕೆ ದುಡ್ಡು ಕೊಟ್ರಿ?”

ಈ ಮೂರು ಪ್ರಶ್ನೆಗಳಲ್ಲಿ ಅರ್ಧ ಪರೀಕ್ಷೆ ಮುಗಿದಿತ್ತು. ಬ್ರೇಕು ಹಿಡಿಯದಿದ್ದಾಗಲೂ ನಡುಗಿದರೆ ದೋಷ ಟೈರಿನದೋ ಬ್ಯಾಲೆನ್ಸಿಂಗಿನದೋ. ಹಿಡಿದಾಗ ಮಾತ್ರವಾದರೆ ಬ್ರೇಕಿನದು. ಸ್ಟೀರಿಂಗಿಗೆ ಬಂದರೆ ಮುಂದಿನ ಚಕ್ರ. ಸೀಟಿಗೂ ನೆಲಕ್ಕೂ ಬಂದರೆ ಹಿಂದಿನ ಡ್ರಮ್ಮು. ಮರುದಿನ ಬೆಳಗ್ಗೆ ಆರಕ್ಕೆ ಹೆಬ್ಬಾಳದಾಚೆಯ ಖಾಲಿ ರಸ್ತೆಯಲ್ಲಿ ಅವರೇ ಗಾಡಿ ನಡೆಸಿದರು. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಗುಂಡಿಯನ್ನು ಒತ್ತಿಹಿಡಿದೇ ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದರು. ನಡುಕವಿಲ್ಲ. ಹ್ಯಾಂಡ್‌ಬ್ರೇಕು ಹಿಂದಿನ ಚಕ್ರಗಳದಾದ್ದರಿಂದ ಅವು ನಿರ್ದೋಷಿಗಳು. ಎಂಬತ್ತರಿಂದ ಪೆಡಲು ಒತ್ತಿದಾಗ ನಡುಕ, ಅರವತ್ತಕ್ಕೆ ಕಡಿಮೆ, ನಲವತ್ತಕ್ಕೆ ಇಲ್ಲ. ಈ ಲೆಕ್ಕವನ್ನು ವಾಚಕರೇ ಮಾಡಬಹುದು. ಚಿಕ್ಕ ಕಾರಿನ ಚಕ್ರ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಹೋಗುತ್ತದೆ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್, ಎಂದರೆ ಹನ್ನೆರಡು ಸುತ್ತು. ಡಿಸ್ಕಿನಲ್ಲಿ ಒಂದು ಕಡೆ ಉಬ್ಬಿದ್ದರೆ ಸುತ್ತಿಗೊಂದರಂತೆ ಸೆಕೆಂಡಿಗೆ ಹನ್ನೆರಡು ಪೆಟ್ಟು. ಮುಂದಿನ ಚಕ್ರ, ಸ್ಟೀರಿಂಗುಗಳ ಉಯ್ಯಾಲೆಯ ಸಹಜ ಲಯವೂ ಹೆಚ್ಚುಕಡಿಮೆ ಅಷ್ಟೇ. ಅರವತ್ತಕ್ಕೆ ಇಳಿದರೆ ಪೆಟ್ಟು ಒಂಬತ್ತಾಗುತ್ತದೆ, ಲಯ ತಪ್ಪುತ್ತದೆ, ಉಯ್ಯಾಲೆ ನಿಲ್ಲುತ್ತದೆ. ರೋಗ ಹೋಗಿರುವುದಿಲ್ಲ, ತಾಳ ತಪ್ಪಿರುತ್ತದೆ, ಅಷ್ಟೆ.

ಶೆಡ್ಡಿಗೆ ಬಂದು ಗಾಡಿಯನ್ನು ಜಾಕಿನ ಮೇಲೆ ಎತ್ತಿ ಚಕ್ರ ಕಳಚಿದರು. ಡಿಸ್ಕಿನ ಮೇಲೆ ನಟ್ಟುಗಳನ್ನು ಮತ್ತೆ ಬಿಗಿದು, ಅಯಸ್ಕಾಂತದ ಕಾಲಿನ ಡಯಲ್ ಗೇಜನ್ನು ಎದುರಿಗೆ ನಿಲ್ಲಿಸಿ, ಕೈಯಿಂದ ತಟ್ಟೆಯನ್ನು ತಿರುಗಿಸಿದರು. ಕುಂಬಾರನ ತಿಗರಿಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಮಣ್ಣಿನ ಮುದ್ದೆ ನಡುಮಧ್ಯಕ್ಕೆ ಕೂರದಿದ್ದರೆ ಸುತ್ತಿಗೊಮ್ಮೆ ಬಂದು ಕೈಯನ್ನು ನೂಕುತ್ತದೆ. ಕುಂಬಾರ ಮೊದಲು ಅದನ್ನು ಕೂರಿಸಿ ಆಮೇಲೆ ಕುಡಿಕೆ ಎತ್ತುತ್ತಾನೆ. ಇಲ್ಲಿ ಮುಳ್ಳು ಸುತ್ತಿಗೊಮ್ಮೆ 0.14 ಮಿಲಿಮೀಟರ್ ಓಲಾಡಿತು. ಹೊಸ ಡಿಸ್ಕು ಕೂತಾಗ ಅದರ ಮೂರರಲ್ಲೊಂದು ಭಾಗವಿದ್ದರೆ ಸರಿ.

“ನೋಡಿದ್ರಾ, ಬೆಂಡೇ ಆಗಿದೆಯಲ್ಲ?” ಎಂದೆ.

ಅವರು ಉತ್ತರ ಕೊಡದೆ ಡಿಸ್ಕನ್ನು ಬಿಚ್ಚಿ ನನ್ನ ಕೈಗಿತ್ತು, ಅದು ಕುಳಿತಿದ್ದ ಹಬ್ಬಿನ ಮುಖವನ್ನು ಬೆರಳಿನಿಂದ ತೋರಿಸಿದರು. ಒಂದು ಪಕ್ಕದಲ್ಲಿ ತುಕ್ಕಿನ ಹಕ್ಕಳೆ. ಎರಡು ಸಲವೂ ಹೊಸ ಡಿಸ್ಕನ್ನು ಆ ತುಕ್ಕಿನ ಮೇಲೆಯೇ ಕೂರಿಸಿದ್ದರು. ಹಬ್ಬಿನ ಹತ್ತಿರ ಕೂದಲಿನಷ್ಟು ದಪ್ಪದ ತುಕ್ಕು ಡಿಸ್ಕಿನ ಅಂಚಿಗೆ ಹೋಗುವಾಗ ಹೆಚ್ಚುಕಡಿಮೆ ಎರಡು ಕೂದಲಾಗುತ್ತದೆ. ಬೆಂಡಾಗಿದ್ದದ್ದು ಡಿಸ್ಕಲ್ಲ, ಅದರ ಆಸನ. ಕಾಲು ಕುಂಟಾದ ಮಣೆಯ ಮೇಲೆ ಎಷ್ಟು ನೆಟ್ಟಗಿನ ಮನುಷ್ಯನನ್ನು ಕೂರಿಸಿದರೂ ಓರೆಯಾಗಿಯೇ ಕಾಣುತ್ತಾನೆ.

ಆದರೆ ಓರೆಯಾಗಿ ಕುಳಿತ ಡಿಸ್ಕು ಅಂದೇ ಏಕೆ ನಡುಗಲಿಲ್ಲ, ಐದು ತಿಂಗಳು ಏಕೆ ಕಾಯಿತು? ಇಡೀ ವಿಷಯದಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ಕಂಡದ್ದು ಇದು. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರು ಗೂಟಗಳ ಮೇಲೆ ಆಚೀಚೆ ಜಾರುವಂಥದು. ಡಿಸ್ಕು ಓಲಾಡಿದರೆ ತಾನೂ ಜೊತೆಗೆ ಓಲಾಡಿ ಸಹಿಸಿಕೊಳ್ಳುತ್ತದೆ. ಬ್ರೇಕು ಹಿಡಿಯದೆ ಓಡುವಾಗ ಮಾತ್ರ ತಟ್ಟೆಯ ಮುಂದೆ ಚಾಚಿದ ಜಾಗ ಸುತ್ತಿಗೊಮ್ಮೆ ಪ್ಯಾಡಿಗೆ ನವಿರಾಗಿ ಸವರುತ್ತದೆ. ಸವರಿದ ಜಾಗ ಕೊಂಚ ಕೊಂಚವೇ ಸವೆಯುತ್ತದೆ. ಸಾವಿರ, ಐದು ಸಾವಿರ ಕಿಲೋಮೀಟರ್ ಕಳೆಯುವಾಗ ತಟ್ಟೆ ಒಂದು ಕಡೆ ತೆಳು, ಒಂದು ಕಡೆ ದಪ್ಪ. ಈ ದಪ್ಪದ ವ್ಯತ್ಯಾಸವನ್ನು ಕ್ಯಾಲಿಪರು ಸಹಿಸಲಾರದು. ದಪ್ಪ ಭಾಗ ಬಂದಾಗ ಪಿಸ್ಟನ್ನು ಹಿಂದಕ್ಕೆ ನೂಕಲ್ಪಡುತ್ತದೆ, ದ್ರವದ ಒತ್ತಡ ಏರುತ್ತದೆ, ಕಾಲಿಗೆ ನಾಡಿ ಬಡಿಯುತ್ತದೆ, ಕೈಗೆ ನಡುಕ. ಮೈಕ್ರೋಮೀಟರಿನಲ್ಲಿ ಸುತ್ತಲೂ ಎಂಟು ಕಡೆ ಅಳೆದಾಗ ನನ್ನ ಡಿಸ್ಕಿನ ವ್ಯತ್ಯಾಸ 0.03 ಮಿಲಿಮೀಟರ್, ಒಂದು ಥೌಗಿಂತ ಸ್ವಲ್ಪ ಹೆಚ್ಚು, ಕೂದಲಿನ ಅರ್ಧಕ್ಕೂ ಕಡಿಮೆ. ಇದರ ಅರ್ಧವಿದ್ದರೂ ಸೂಕ್ಷ್ಮವಾದ ಕೈಗೆ ತಿಳಿಯುತ್ತದಂತೆ. ಕೂರಿಸಿದ ದಿನದ ಅಲಕ್ಷ್ಯಕ್ಕೆ ಫಲ ಐದು ತಿಂಗಳ ಮೇಲೆ. ಕರ್ಮಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಅಷ್ಟು ಹೊತ್ತಿಗೆ ಗ್ಯಾರೇಜಿನವನಿಗೂ ಮಾಲೀಕನಿಗೂ ಅಂದಿನ ತುಕ್ಕಿಗೂ ಇಂದಿನ ನಡುಕಕ್ಕೂ ನಂಟು ಕಾಣುವುದಿಲ್ಲ. ಡಿಸ್ಕೇ ಕಳಪೆಯೆಂದು ಇಬ್ಬರೂ ಒಪ್ಪಿಬಿಡುತ್ತಾರೆ.

ದಪ್ಪದ ವ್ಯತ್ಯಾಸಕ್ಕೆ ಇನ್ನೊಂದು ದಾರಿಯೂ ಉಂಟು. ಅಮೆರಿಕದ ರೇಸಿಂಗ್ ಎಂಜಿನಿಯರ್ ಕ್ಯಾರಲ್ ಸ್ಮಿತ್ ‘ಬೆಂಡಾದ ಡಿಸ್ಕು’ ಎಂಬುದನ್ನು ಬಹುಮಟ್ಟಿಗೆ ಕಟ್ಟುಕಥೆಯೆಂದೇ ಕರೆದು ಬರೆದಿದ್ದಾನೆ. ಆತನ ಪ್ರಕಾರ, ವಿಪರೀತ ಕಾದ ಪ್ಯಾಡಿನ ವಸ್ತು ಡಿಸ್ಕಿಗೆ ಅಲ್ಲಲ್ಲಿ ಅಂಟಿಕೊಳ್ಳುತ್ತದೆ. ಕಾವಲಿಯಲ್ಲಿ ದೋಸೆ ಒಂದು ಕಡೆ ಹಿಡಿದರೆ ಆಮೇಲೆ ಹೊಯ್ದ ದೋಸೆಗಳೆಲ್ಲ ಅಲ್ಲಿಯೇ ಹಿಡಿಯುವುದನ್ನು ಮನೆಯಲ್ಲಿ ನೋಡಿದ್ದೇವೆ, ಇದೂ ಹಾಗೆಯೇ. ಅಂಟಿದ ಜಾಗ ಹೆಚ್ಚು ಕಾಯುತ್ತದೆ, ಹೆಚ್ಚು ಕಾದಲ್ಲಿ ಇನ್ನಷ್ಟು ಅಂಟುತ್ತದೆ. ಘಾಟಿ ಇಳಿದ ಕೂಡಲೇ ಪೆಡಲನ್ನು ಬಲವಾಗಿ ಒತ್ತಿಹಿಡಿದು ಗಾಡಿಯನ್ನು ನಿಲ್ಲಿಸಿಕೊಂಡರೆ ಪ್ಯಾಡಿನ ಅಚ್ಚು ಒಂದೇ ಜಾಗದಲ್ಲಿ ಬೀಳುತ್ತದೆ.

ಚಿಕಿತ್ಸೆ ಒಂದು ಮಧ್ಯಾಹ್ನದ ಕೆಲಸವಾಯಿತು. ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದಲೂ ಎಮರಿ ಕಾಗದದಿಂದಲೂ ಹೊಳೆಯುವ ತನಕ ತಿಕ್ಕಿದರು. ಡಿಸ್ಕಿನ ಅಂಚಿನಲ್ಲಿ ಒತ್ತಿರುವ ಕನಿಷ್ಠ ದಪ್ಪದ ಅಂಕಿಯನ್ನು ಓದಿ, ಇನ್ನೂ ಆಯುಸ್ಸು ಇದೆಯೆಂದು ಕಂಡು, ಎರಡು ಕಡೆಯ ಡಿಸ್ಕುಗಳನ್ನೂ ಲೇತಿಗೆ ಕಟ್ಟಿ ಎರಡೂ ಮುಖಗಳಲ್ಲಿ ಹಗುರಾಗಿ ಕೆತ್ತಿದರು. ಆ ಅಂಕಿಗಿಂತ ತೆಳುವಾಗುವುದಾದರೆ ಕೆತ್ತಬಾರದು. ಆಗ ಬದಲಾಯಿಸುವುದೇ ಧರ್ಮ. ಮತ್ತೆ ಕೂರಿಸಿ ಗೇಜು ಹಿಡಿದರೆ 0.06. ಡಿಸ್ಕನ್ನು ಒಂದು ತೂತಿನಷ್ಟು ತಿರುಗಿಸಿ ಕೂರಿಸಿದಾಗ 0.04. ಕ್ಯಾಲಿಪರಿನ ಜಾರುಗೂಟಗಳಲ್ಲಿ ಒಂದು ಬಿಗಿದಿತ್ತು. ತೊಳೆದು ಅದಕ್ಕೆಂದೇ ಇರುವ ಗ್ರೀಸು ಹಚ್ಚಿದರು. ಕೆಳಗಿನ ಬಾಲ್ ಜಾಯಿಂಟು, ರಬ್ಬರು ಬುಷ್ಷುಗಳನ್ನು ಸಲಾಕೆಯಿಂದ ಮೀಟಿ ನೋಡಿ, ಚೆನ್ನಾಗಿವೆ ಎಂದರು. ಅವು ಸಡಿಲಾದರೆ ಚಿಕ್ಕ ಪೆಟ್ಟೂ ದೊಡ್ಡ ನಡುಕವಾಗಿ ಕಾಣುತ್ತದೆ.

ಅವರ ಅಳಿಯ ಚಕ್ರದ ನಟ್ಟುಗಳಿಗೆ ಗಾಳಿಯ ಗನ್ನನ್ನು ಹಿಡಿಯಲು ಹೋದ. “ಲೋ, ಅದನ್ನಿಡು. ಅಳತೆ ಪಾನ ತಗೋ” ಎಂದು ಗದರಿದರು. ಡಿಸ್ಕು ಹಬ್ಬಿಗೂ ಚಕ್ರಕ್ಕೂ ನಡುವೆ ಸಿಕ್ಕಿಕೊಂಡಿರುವ ಗಾಡಿಗಳಲ್ಲಿ ನಟ್ಟಿನ ಬಿಗಿ ಏರುಪೇರಾದರೆ ನೆಟ್ಟಗಿದ್ದದ್ದೂ ಸೊಟ್ಟಗಾಗುತ್ತದೆ. ಒಂದರ ಮೇಲೆ ಅದರ ಎದುರಿನದು ಹೀಗೆ ಅಡ್ಡಡ್ಡವಾಗಿ, ಕಂಪೆನಿಯ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿದರು. ಡ್ರಮ್ಮಿನ ಕಾಲದ ಟರ್ನರುಗಳು ಹೇಳುತ್ತಿದ್ದ ಎಚ್ಚರಿಕೆಯೇ ಇದು. ಕಡೆಗೆ ಹೊಸ ಪ್ಯಾಡು ಹಾಕಿ, ಅರವತ್ತರಿಂದ ಇಪ್ಪತ್ತಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತು ಸಲ ಹದವಾಗಿ ಹಿಡಿದು ಬಿಟ್ಟು, ಆಮೇಲೆ ಬ್ರೇಕು ಮುಟ್ಟದೆ ತಣ್ಣಗಾಗುವವರೆಗೂ ಓಡಿಸಿ ತರಲು ನನಗೆ ಹೇಳಿದರು. ಹೊಸ ಕಾವಲಿಯನ್ನು ಪಳಗಿಸುವ ಹಾಗೆ. ಅವರು ತೆಗೆದುಕೊಂಡ ಹಣ ಹಿಂದಿನ ಎರಡು ಬಿಲ್ಲುಗಳಲ್ಲಿ ಚಿಕ್ಕದರ ಮೂರರಲ್ಲೊಂದು ಭಾಗ. ಅಲ್ಲಿಂದೀಚೆಗೆ ಹದಿನಾಲ್ಕು ತಿಂಗಳು, ಸುಮಾರು ಹನ್ನೊಂದು ಸಾವಿರ ಕಿಲೋಮೀಟರ್ ಆಗಿದೆ. ಎರಡು ಸಲ ನಂದಿಬೆಟ್ಟ, ಒಂದು ಸಲ ಚಾರ್ಮಾಡಿ ಘಾಟಿ ಇಳಿದಾಗಿದೆ. ನಡುಕ ಬಂದಿಲ್ಲ.

ಒಂದು ಎಚ್ಚರಿಕೆ ಉಳಿಯಿತು. ಈಗಿನ ಕಾರುಗಳಲ್ಲಿ ಎ.ಬಿ.ಎಸ್. ಎಂಬ ವ್ಯವಸ್ಥೆ ಉಂಟು. ಒದ್ದೆ ರಸ್ತೆಯಲ್ಲಿ ಗಕ್ಕನೆ ಬ್ರೇಕು ಒತ್ತಿದಾಗ ಚಕ್ರ ಜಾಮಾಗದಂತೆ ಅದು ತಾನೇ ಬಿಟ್ಟುಬಿಟ್ಟು ಹಿಡಿಯುತ್ತದೆ. ಕಾಲಿಗೆ ಗರಗರ ಎನ್ನಿಸುತ್ತದೆ. ಅದು ರೋಗವಲ್ಲ, ಹೆದರಿ ಕಾಲು ತೆಗೆಯಬಾರದು. ಒಣ ರಸ್ತೆಯಲ್ಲಿ ಹದವಾಗಿ ಒತ್ತಿದಾಗ ಬರುವ ನಡುಕವನ್ನು ಮಾತ್ರ ತೋರಿಸಿಕೊಳ್ಳಬೇಕು.

ಈಚೆಗೆ ನಮ್ಮ ಅಡ್ಡರಸ್ತೆಯಲ್ಲಿ ವಿದ್ಯುತ್ತಿನ ಕಾರುಗಳು ಹೆಚ್ಚುತ್ತಿವೆ. 2001ರಲ್ಲಿ ಬೆಂಗಳೂರಿನ ರೇವಾ ಪುಟ್ಟ ಕಾರು ತೋರಿಸಿಕೊಟ್ಟ ಹಾಗೆ, ಇವುಗಳಲ್ಲಿ ವೇಗ ತಗ್ಗಿಸುವ ಕೆಲಸದ ಬಹುಭಾಗವನ್ನು ಮೋಟಾರೇ ಮಾಡಿ ಆ ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಡಿಸ್ಕಿಗೆ ಕೆಲಸ ಕಡಿಮೆ, ಸವೆತ ಕಡಿಮೆ. ಆದ್ದರಿಂದಲೇ ತುಕ್ಕು ಹೆಚ್ಚು. ಆಷಾಢದ ಮಳೆಯ ಮಾರನೆಯ ಬೆಳಗ್ಗೆ ಸಂಪಿಗೆ ರಸ್ತೆಯ ಪಕ್ಕದಲ್ಲಿ ನಿಂತಿರುವ ಗಾಡಿಗಳ ಚಕ್ರದ ಸಂದಿಯಿಂದ ಇಣುಕಿ ನೋಡಿದರೆ ಡಿಸ್ಕುಗಳೆಲ್ಲ ಕಾವಿಯುಟ್ಟಂತೆ ಕೆಂಪಗಿರುತ್ತವೆ. ಪ್ಯಾಡು ಮುಚ್ಚಿರುವ ಅಂಗೈಯಗಲ ಮಾತ್ರ ಬೇರೆ ಬಣ್ಣ. ವಿದ್ಯುತ್ತಿನ ಗಾಡಿಗೂ ನಡುಕ ಬರುತ್ತದೆಯೇ ಎಂದು ಯಜಮಾನರನ್ನು ಕೇಳಿದೆ. ಆ ವಾರವೇ ಅಂಥ ಒಂದು ಕಾರು ಬಂದಿತ್ತಂತೆ. ಗೇಜನ್ನು ಒರೆಸಿ ಪೆಟ್ಟಿಗೆಯಲ್ಲಿಡುತ್ತ, “ಚಕ್ರ ಉರುಟಲ್ವೇ ಸ್ವಾಮಿ” ಎಂದರು.